ಕೀಲಿಕೈ ಖಾನಾಪುರಕ್ಕೆ ಹೋದ ದಿನ

ಮೊನ್ನೆ ಬೆಳಗಾವಿ ಶಹಾಪುರದ ನಮ್ಮ ಮಗ್ಗದ ಶೆಡ್ಡಿನಲ್ಲಿ ಮೂರೇ ಮಂದಿ ಇದ್ದೆವು: ನಾನು, ಅಣ್ಣ, ಕರೆಂಟಿನ ಕೆಲಸದವನು. ಹಿಂದಿನ ಸಂಜೆ ಸಿಡಿಲು ಬಡಿದು ಫ್ಯೂಸ್ ಹಾರಿತ್ತು. ಫ್ಯೂಸಿನ ಪಕ್ಕದ ಡಬ್ಬಿ ಬಿಚ್ಚಿದ ಕೂಡಲೇ ಸುಟ್ಟ ಮಣ್ಣಿನಂಥ ಕಮಟು ಮೂಗಿಗೆ ಹತ್ತಿತು. ಒಳಗೆ ರೂಪಾಯಿಯಗಲದ ಬಿಲ್ಲೆಯೊಂದು ಕಪ್ಪಗಾಗಿತ್ತು.

“ಇದೊಂದ ಹೋಗೇತ್ರಿ. ಮಗ್ಗದ ಬೋರ್ಡಿಗೆ ಏನೂ ಆಗಿಲ್ಲ,” ಅಂದ ಅವನು. “ಯಾರ ಮಾಡ್ಯಾರ್ರಿ ಇದನ್ನ? ಕಂಪನಿ ಹೆಸರ ಇಲ್ಲ!”

ಉತ್ತರ ಹೇಳುವ ಮೊದಲೇ ನನ್ನ ಎದೆ ಉಬ್ಬಿತ್ತು...

ಮಾಡಿದವರು ಬೆಳಗಾವಿಯ ಕಾಲೇಜಿನಲ್ಲಿ ನನಗೆ ಕಲಿಸಿದ ಮೇಡಂ. ಖಾನಾಪುರದ ಕುಂಬಾರರ ಮಗಳು. ಅವರ ಅವ್ವ ಗಡಿಗೆ ಸುಟ್ಟವರು. ಇವರು ಸತುವಿನ ಆಕ್ಸೈಡ್ ಪುಡಿ ಒತ್ತಿ ಬಿಲ್ಲೆ ಸುಟ್ಟವರು. ಹದ್ದು ಮೀರಿ ನುಗ್ಗಿದ ಕರೆಂಟನ್ನು ನೆಲಕ್ಕಿಳಿಸಿ ಯಂತ್ರ ಉಳಿಸುವುದು ಆ ಬಿಲ್ಲೆಯ ಕೆಲಸ.

“ನಮ್ಮೂರ ಭತ್ತದ ಗದ್ದಿ ನೆನಸ್ಕೋರಿ,” ಅನ್ನುತ್ತಿದ್ದರು ಪಾಠದಲ್ಲಿ. “ಬಿಲ್ಲೆಯೊಳಗಿನ ಒಂದೊಂದ ಕಣಾನೂ ಒಂದೊಂದ ಗದ್ದಿ. ಕಣಗಳ ನಡುವಿನ ಗಡಿ ಅಂದ್ರ ಬದು. ದಿನದ ನೀರು ಬದುವಿಗೆ ನಿಲ್ತೈತಿ. ಮಹಾಪೂರ ಬಂದ್ರ ಮ್ಯಾಲ ಹಾಯ್ದು ಹೋಗತೈತಿ. ಇಳದ ಮ್ಯಾಲ ನೋಡ್ರಿ, ಬದು ಇದ್ದಲ್ಲೇ ಇರತೈತಿ.”

ಆದರೆ ಬಿಲ್ಲೆ ಸುಡಲು ಮೇಡಂ ಕಾಲೇಜಿನಲ್ಲಿ ಇಟ್ಟುಕೊಂಡಿದ್ದ ಭಟ್ಟಿ ಬಹಳ ಕರೆಂಟು ತಿನ್ನುತ್ತದೆಂದು ಪ್ರಿನ್ಸಿಪಾಲರಿಗೆ ಸಿಟ್ಟು. ಸೋಮವಾರ ಬಿಲ್ಲೆ ಕೆಲಸ ಮಾಡಿ ತೋರಿಸದಿದ್ದರೆ ಭಟ್ಟಿ ತೆಗೆಸುತ್ತೇನೆ ಅಂದುಬಿಟ್ಟಿದ್ದರು.

ಶನಿವಾರ ನಾವು ವಿದ್ಯಾರ್ಥಿಗಳು ಇದ್ದಾಗಲೇ ಅವರ ಅವ್ವ ಮೊದಲ ಸಲ ಮಗಳ ಭಟ್ಟಿ ನೋಡಲು ಬಂದರು. ಖಾನಾಪುರದ ಬಸ್ಸಿಗೆ ಹೊತ್ತಾಗುತ್ತಿತ್ತು. ಅವ್ವನಿಗೆ ತೋರಿಸಬೇಕೆಂಬ ಉಮೇದಿನಲ್ಲಿ ಮೇಡಂ ಭಟ್ಟಿ ಆರುವ ಮೊದಲೇ ಅದರ ಬಾಗಿಲು ತೆಗೆದೇಬಿಟ್ಟರು, ಫ್ಯಾನಿನ ಕೆಳಗೆ ಬಿಲ್ಲೆ ಆರಿಸಿದರು. ಒಂದೂ ಸೀಳಿರಲಿಲ್ಲ. ಅವ್ವ ಒಂದನ್ನು ಉಗುರಿನಿಂದ ಬಡಿದು ಕಿವಿಗೆ ಹಿಡಿದರು. ಟಣ್ ಅಂದಿತು.

ಮೇಡಂ ತಂತಿ ಹಚ್ಚಿ ನೋಡಿದರೆ ಕೆಟ್ಟಿತ್ತು. ಸಾದಾ ವೋಲ್ಟೇಜಿಗೇ ಕರೆಂಟು ಹರಿಯುತ್ತಿತ್ತು.

“ಟಣ್ ಅಂತೈತಲ್ಲ! ಇನ್ನೇನ ಬೇಕು ನಿನಗ?” ಅಂದರು ಅವ್ವ.

“ಗದ್ದಿ ಚಲೋ ಅದಾವ ಯವ್ವಾ, ಬದು ಸೋರಾಕತ್ತಾವ. ನಿಧಾನ ಆರಿದ್ರ ಗಾಳ್ಯಾಗಿನ ಆಕ್ಸಿಜನ್ ಬದುವಿಗೆಲ್ಲಾ ಹೊಕ್ಕು ಬಿಗಿ ಮಾಡತಿತ್ತು. ಅವಸರ ಮಾಡಿ ನಾನ ಕೆಡಿಸಿದೆ.”

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕರು. “ಕುಂಬಾರರ ಮಗಳಾಗಿ ಭಟ್ಟಿ ಆರೂತನಕಾ ತಡೀಲಿಲ್ಲೇನ?”

ಮೇಡಮ್ಮೂ ನಕ್ಕರು, ಆದರೆ ಕೈ ನಿಲ್ಲಲಿಲ್ಲ. ಬಿಲ್ಲೆಗಳನ್ನು ಮತ್ತೆ ಒಳಗಿಟ್ಟು, ಈ ಸಲ ಕಡಿಮೆ ಉರಿ ಕೊಟ್ಟು, ಅದು ತಾನಾಗೇ ಮೆಲ್ಲಗೆ ಇಳಿಯುವಂತೆ ಹಚ್ಚಿದರು. ಕೋಣೆಗೆ ಕೀಲಿ ಜಡಿದು ಕೀಲಿಕೈಯನ್ನು ಅವ್ವನ ಕೈಗಿಟ್ಟರು.

“ಖಾನಾಪುರಕ್ಕ ಒಯ್ಯಿ ಇದನ್ನ. ಸೋಮವಾರ ತಗೊಂಡ ಬಾ. ಇಲ್ಲೇ ಇದ್ರ ನನ್ನ ಕೈ ಸುಮ್ನ ಇರೂದಿಲ್ಲ.”

ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದರು.

ಸೋಮವಾರ ಬಸ್ಸು ತಡ. ಪ್ರಿನ್ಸಿಪಾಲರು ಗಡಿಯಾರ ನೋಡುತ್ತ ಬಾಗಿಲಲ್ಲೇ ನಿಂತಿದ್ದರು. ಅವ್ವ ಏದುಸಿರು ಬಿಡುತ್ತ ಬಂದು ಗಂಟು ಬಿಚ್ಚಿದರು. ಮೇಡಂ ಕೋಣೆ ತೆಗೆದು ಆರಿದ ಬಿಲ್ಲೆಗೆ ತಂತಿ ಹಚ್ಚಿದರು. ಸಾದಾ ವೋಲ್ಟೇಜಿಗೆ ಬಿಲ್ಲೆ ಜಗ್ಗಲಿಲ್ಲ. ಒಮ್ಮೆಲೇ ಏರಿಸಿದಾಗ ದಾರಿ ಬಿಟ್ಟಿತು. ಇಳಿಸಿದೊಡನೆ ಮತ್ತೆ ಮುಚ್ಚಿಕೊಂಡಿತು!

“ಇನ್ನೊಮ್ಮೆ ಮಾಡ್ರಿ,” ಅಂದರು ಪ್ರಿನ್ಸಿಪಾಲರು. ಮೇಡಂ ಮಾಡಿದ ಮೇಲೆ ಅವರೇ ಅಂದರು: “ಇರಲಿ ಬಿಡ್ರಿ ಭಟ್ಟಿ.”

“ನಮ್ಮ ಮನ್ಯಾಗ ಭಟ್ಟಿ ಎಂದೂ ನಿಂತಿಲ್ರಿ ಸಾಹೇಬ್ರ,” ಅಂದರು ಅವ್ವ. ಆ ಮಾತು ಹೇಳುವಾಗ ಅವರು ನಿಂತ ಠೀವಿ... ಈಗಲೂ ಕಣ್ಣಿಗೆ ಕಟ್ಟಿದೆ.

ಆ ಬಿಲ್ಲೆಗಳಲ್ಲೊಂದನ್ನು ಮೇಡಂ ತಾವೇ ಬಂದು ನಮ್ಮ ಮಗ್ಗಕ್ಕೆ ಹಚ್ಚಿಕೊಟ್ಟಿದ್ದರು. ಅವರು ಈಗಿಲ್ಲ. ಭಟ್ಟಿ ಇದೆ, ಉರಿಯುತ್ತಿದೆ.

ಸುಟ್ಟುಹೋದ ಬಿಲ್ಲೆ ತೆಗೆದುಕೊಂಡು ಈ ಭಾನುವಾರ ಖಾನಾಪುರಕ್ಕೆ ಹೋದೆ. ಅವ್ವ ಅದನ್ನು ಉಗುರಿನಿಂದ ಬಡಿದು ಕಿವಿಗೆ ಹಿಡಿದರು. ಸಪ್ಪಳ ಬರಲಿಲ್ಲ.

“ಇದೂ ಹೋತೇನ?”

“ಹೋತ್ರಿ ಅವ್ವಾ. ಮಗ್ಗ ಉಳದಾವು.”

ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚಹಾ ಇಡಲು ಸೊಸೆಯನ್ನು ಕೂಗಿದರು.