ನೆಲಕ್ಕೆ ಇಡಬಾರದ ಕೊಡ

ನಮ್ಮ ಮನೆಯವರು ಹೋಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಮುಂಜಾನೆ ಯಾರೋ ಸೈಕಲ್ಲು ಹಿಡಿದು ಬಾಗಿಲಲ್ಲಿ ನಿಂತು, "ಮೆಂಬರ್ರು ಅದಾರೇನ್ರೀ?" ಎಂದು ಕೇಳಿದರು. ಪ್ಯಾಟಿ ಓಣಿಯವರು. ಅವರ ಮನೆ ಮುಂದಿನ ನಳಕ್ಕೆ ನೀರು ಬರುತ್ತಿಲ್ಲವಂತೆ. ನನ್ನ ಗಂಡ ಮುನಸಿಪಾಲ್ಟಿ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಜನ ಮೆಂಬರ್ರೆಂದೇ ಕರೆಯುತ್ತಿದ್ದರು, ದೂರು ತರುತ್ತಿದ್ದರು. ನಾನು ಗೋಡೆಯ ಕಡೆ ಕೈ ಮಾಡಿದೆ. ಫೋಟೊಗೆ ಹಾಕಿದ ಹಾರ ಒಣಗಿತ್ತು. ಬಂದವರು ಚಪ್ಪಲಿ ಕಳಚಿ, "ನನಗ ಗೊತ್ತಿರಲಿಲ್ರಿ ಯವ್ವಾ" ಎಂದು ಕೈ ಮುಗಿದು ಹೋದರು. ನಳದ ಮಾತು ಹಾಗೇ ಉಳಿಯಿತು.

ಅವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ. ನನಗೆ ಅಕ್ಷರ ಕಲಿಸಿದವರೂ ಅವರೇ. ಅವರು ಮೆಂಬರ್ ಆದದ್ದು ಸರಕಾರದ ಹುಕುಮಿನಿಂದ ಎಂದು ಊರವರು ತಿಳಿದಿದ್ದಾರೆ. ಹುಕುಮು ಬಂದ ಮೇಲೂ ಅವರು ಮೆಂಬರ್ ಆಗಿರಲಿಲ್ಲ. ಅದು ಹೇಗೆ ಎಂಬುದನ್ನು ಕಣ್ಣಾರೆ ಕಂಡವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.

ನಿಜಾಮರ ಕಾಲದಲ್ಲಿ ರಾಯಚೂರಿನ ಮುನಸಿಪಾಲ್ಟಿಗೆ ಎಲ್ಲರೂ ಬಲ್ದಿಯಾ ಎನ್ನುತ್ತಿದ್ದರು. ನಮ್ಮ ಮೊಹಲ್ಲಾದಲ್ಲಿ ಎರಡು ಭಾಗ. ಮೇಲೆ ಪ್ಯಾಟಿ ಓಣಿ. ಅಲ್ಲಿ ಅಕ್ಕಿ ಗಿರಣಿಯವರು, ಕಾಳಿನ ವ್ಯಾಪಾರಿಗಳು, ಲಿಂಗ ಕಟ್ಟಿದ ಮನೆತನಗಳು, ಒಂದು ಬಟ್ಟೆ ಅಂಗಡಿಯ ಸಾಹೇಬರ ಮನೆ. ಕೆಳಗೆ ನಮ್ಮ ಕೇರಿ. ನಡುವೆ ಬಲ್ದಿಯಾದ ಬಾವಿ. ಬಾವಿ ಎಲ್ಲರದು ಎಂದು ಬಲ್ದಿಯಾ ಹೇಳುತ್ತಿತ್ತು. ನಾವು ಮಾತ್ರ ಹಳ್ಳದ ವರತೆಯಿಂದ ನೀರು ತುಂಬಿ ತರುತ್ತಿದ್ದೆವು.

ಹಾಗೆಂದು ಆ ಬಾವಿ ನಮ್ಮವರಿಗೆ ಹೊಸದಲ್ಲ. ಪ್ರತಿ ಬೇಸಿಗೆಯಲ್ಲಿ ಅದರೊಳಗೆ ಇಳಿದು, ನೀರು ಬರಿದು ಮಾಡಿ, ಹೂಳು ಎತ್ತುವವರು ನಮ್ಮ ಕೇರಿಯ ಗಂಡಸರು. ಅವರು ಮೇಲೆ ಬಂದು ಹೊಸ ನೀರು ಊರಿದ ಮೇಲೆ ಓಣಿಯ ಅಯ್ಯನವರು ವಿಭೂತಿ ಹಾಕಿ ಬಾವಿಯನ್ನು ಶುದ್ಧ ಮಾಡುತ್ತಿದ್ದರು. ಹೂಳು ತೆಗೆಯುವ ಆ ಗುಂಪಿಗೆ ನನ್ನ ಗಂಡನೇ ಮೇಸ್ತ್ರಿ.

ಮೊಹಲ್ಲಾಕ್ಕೆ ಹೊಸ ಮೆಂಬರ್ ಬಂದಾಗ ಒಂದು ಪದ್ಧತಿ ಇತ್ತು. ಮೊದಲ ಮೀಟಿಂಗಿಗೆ ಹೋಗುವ ಮುಂಚೆ ಆತ ಬಾವಿಯಿಂದ ಒಂದು ಕೊಡ ನೀರು ಸೇದಬೇಕು. ಮೊಹಲ್ಲಾದಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಬೊಗಸೆಗೆ ಹೊಯ್ಯಬೇಕು. ಅವರು ಕುಡಿಯುವ ತನಕ ಕೊಡವನ್ನು ನೆಲಕ್ಕೆ ಇಡಬಾರದು, ನೀರನ್ನು ನೆಲಕ್ಕೆ ಚೆಲ್ಲಬಾರದು. ಹಿರಿಯರು ಕುಡಿದರೆ ಮೆಂಬರ್. ಇಲ್ಲದಿದ್ದರೆ ಕಚೇರಿಯಲ್ಲಿ ಕುರ್ಚಿ ಸಿಕ್ಕೀತು, ಮೊಹಲ್ಲಾದಲ್ಲಿ ಯಾರೂ ಆತನ ಹತ್ತಿರ ಮಾತು ತರುವುದಿಲ್ಲ. ಇದಕ್ಕೆ ಒಂದು ತಾಮ್ರದ ಕೊಡವೇ ಇತ್ತು, ಒಬ್ಬ ಮೆಂಬರ್ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು.

ಹಿಂದಿನ ಮೆಂಬರ್‌ಗಳ ಕಥೆ ನನ್ನ ಅತ್ತೆಗೆ ಬಾಯಿಪಾಠ. ಓಣಿಗೆ ಕಂದೀಲಿನ ಕಂಬ ತಂದ ವಕೀಲರು ನೀರು ಸೇದುವಾಗ ಬಗ್ಗಿ ರುಮಾಲನ್ನು ಬಾವಿಗೆ ಕೆಡವಿದ್ದರಂತೆ. "ನಿಮ್ಮ ಮಾವಾರ ಇಳದು ತಂದ್ರು, ಆಮ್ಯಾಲ ಬಾವಿ ಬರಿದು ಮಾಡಿಸಿ ಶುದ್ಧ ಮಾಡಿದ್ರು. ವಕೀಲ್ರು ಅದನ್ನ ಹಿಂಡಿ ಹಂಗ ತಲಿಗೆ ಸುತ್ಕೊಂಡು ಮೀಟಿಂಗಿಗೆ ಹ್ವಾದ್ರು. ನಮ್ಮ ಕೈಯಾಗಿನ ರುಮಾಲು ನಡೀತದ, ನೀರು ನಡಿಯಂಗಿಲ್ಲ" ಎಂದು ನಗುತ್ತಿದ್ದಳು. ಬಟ್ಟೆ ಅಂಗಡಿಯ ಸಾಹೇಬರು ಮೆಂಬರ್ ಆದಾಗ ಓಣಿಯ ಹಿರಿಯಜ್ಜ ಬೊಗಸೆ ಒಡ್ಡದೆ ತನ್ನ ಮನೆಯ ತಂಬಿಗೆ ಒಡ್ಡಿದ. ಸಾಹೇಬರು ಮೇಲಿನಿಂದ ಹೊಯ್ದರು. ಊರು ಅದನ್ನೂ ಒಪ್ಪಿತು.

ರಜಾಕಾರರ ಗದ್ದಲದಲ್ಲಿ ನಾವು ದೇವದುರ್ಗ ತಾಲೂಕಿನ ಜಾಲಹಳ್ಳಿಗೆ, ಅತ್ತೆಯ ತವರಿಗೆ ಹೋಗಿದ್ದೆವು. ಮಿಲಿಟರಿ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ತಿರುಗಿ ಬಂದೆವು. ಮುಂದಿನ ಬೇಸಿಗೆಯಲ್ಲಿ ಬಲ್ದಿಯಾಕ್ಕೆ ಹೊಸ ಕಮಿಟಿ ಮಾಡಿದರು. ದುಡಿದು ತಿನ್ನುವ ನಮ್ಮ ಜನಕ್ಕೂ ಒಂದು ಜಾಗ ಇರಲಿ ಎಂದು ಮೇಲಿನವರು ಹೇಳಿದರಂತೆ. ಚಿಕ್ಕಂದಿನಲ್ಲಿ ತಾಯಿಯ ತವರಿನ ಕಡೆ ಇದ್ದು, ದೇವದುರ್ಗದ ಶಾಲೆಯಲ್ಲಿ ಒಳಗೆ ಬಿಡದಿದ್ದರೂ ಪಡಸಾಲೆಯಲ್ಲಿ ಕುಳಿತು ಉರ್ದು, ಕನ್ನಡ ಎರಡೂ ಕಲಿತಿದ್ದವರು ಕೇರಿಯಲ್ಲಿ ನನ್ನ ಗಂಡ ಒಬ್ಬರೇ. ಅವರ ಹೆಸರಿಗೆ ಹುಕುಮು ಬಂತು.

ಮೊದಲ ಮೀಟಿಂಗಿನ ಹಿಂದಿನ ದಿನ ಅಕ್ಕಿ ಗಿರಣಿಯ ಸಾಹುಕಾರ ಕೇರಿಯ ಬಾಯಿಗೆ ಬಂದು ನಿಂತ. ಹಿರಿಯಜ್ಜನ ಮಗ ಆತ. ನಮ್ಮ ಅರ್ಧ ಕೇರಿ ಆತನ ಗಿರಣಿಯಲ್ಲಿ ಚೀಲ ಹೊರುತ್ತಿತ್ತು.

"ಕೊಡದ ಮಾತು ಹ್ಯಾಂಗ ಮಾಡಾಂವಲೇ ಮೇಸ್ತ್ರಿ?"

"ಪದ್ಧತಿ ಹ್ಯಾಂಗದ ಹಂಗರೀ ಸಾಹುಕಾರ್ರ."

"ಹಂಗಂದ್ರ ಆಗ್ತದೇನು? ಕಚೇರಿ ಜವಾನ ಸೇದ್ತಾನ. ನೀ ಮಗ್ಗಲಕ ನಿಂದ್ರು. ನಿಮ್ಮ ಕೇರ್ಯಾಗಿನ ಯಾವನರೆ ಮುದುಕ ಕುಡೀಲಿ. ನಿನ್ನ ಮರ್ಯಾದಿನೂ ಉಳೀತದ, ನಮ್ಮ ಬಾವಿನೂ ಉಳೀತದ."

ನನ್ನ ಗಂಡ ತಲೆ ಕೆರೆದುಕೊಂಡರು. ಏನಾದರೂ ಗಟ್ಟಿ ಮಾಡುವ ಮುಂಚೆ ಅವರು ಹಾಗೆ ಮಾಡುತ್ತಿದ್ದರು.

"ಎಲ್ಲಾರಕಿಂತ ಹಿರೇರು ನಿಮ್ಮ ಅಪ್ಪಾರ ಅಲ್ಲೇನ್ರಿ?" ಎಂದರು.

ಸಾಹುಕಾರ ನನ್ನ ಕಡೆ, ಅತ್ತೆಯ ಕಡೆ, ಹಿಂದೆ ನಿಂತ ಗಂಡಸರ ಕಡೆ ನೋಡಿದ. "ಗಿರಣಿ ಬಾಗಿಲಾ ನಾಳೆನೂ ತೆರಿಬೇಕಲ್ಲ, ನೋಡ್ಕೋ" ಎಂದು ಹೋದ.

ಮರುದಿನ ಬಟ್ಟೆ ಅಂಗಡಿಯ ಸಾಹೇಬರು ತಾವೇ ಕೊಡ ತಂದರು. ಜವಾನ ಇಸಿದುಕೊಳ್ಳಲು ಬಂದರೆ ಕೊಡಲಿಲ್ಲ, ನನ್ನ ಗಂಡನ ಕೈಗೇ ಇಟ್ಟರು. "ಭಾರ ಅದ, ಸಂಭಾಳಿಸ್ರಿ" ಎಂದಷ್ಟೇ ಹೇಳಿ ಸರಿದು ನಿಂತರು. ರಜಾಕಾರರ ಗದ್ದಲ ಮುಗಿದ ಆ ವರ್ಷ, ಮುಸಲ್ಮಾನರಾದ ಅವರಿಗೂ ಊರಿನಲ್ಲಿ ದೊಡ್ಡ ದನಿಯಲ್ಲಿ ಮಾತಾಡುವ ಹಾಗಿರಲಿಲ್ಲ.

ನಾವು ಹೆಂಗಸರು ಕೇರಿಯ ಗೋಡೆಯ ಹತ್ತಿರ ನಿಂತಿದ್ದೆವು. ಬಾವಿಯ ಆ ಬದಿಗೆ ಓಣಿಯ ಹುಡುಗರು ಬಡಿಗೆ ಹಿಡಿದು ನಿಂತಿದ್ದರು. ಬಾವಿಗೆ ಎದುರಾಗಿಯೇ ಸಾಹುಕಾರನ ಮನೆ. ಅದರ ಕಟ್ಟೆಯ ಮೇಲೆ ಹಿರಿಯಜ್ಜ ದಿನದ ಹಾಗೆ ಕುಳಿತಿದ್ದ. ಇವರು ಬಾವಿ ಕಟ್ಟೆ ಹತ್ತಿ ಹಗ್ಗ ಬಿಟ್ಟರು. ರಾಟೆ ಕಿರುಗುಟ್ಟಿತು. ಯಾರೂ ತಡೆಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ತುಂಬಿದ ಕೊಡ ಹೆಗಲಿಗೆ ಇಟ್ಟು ಅವರು ಅಜ್ಜನ ಕಟ್ಟೆಯ ಕೆಳಗೆ ಹೋಗಿ ನಿಂತರು. "ಅಜ್ಜಾರ, ನೀರು ತಗೋರಿ."

ಅಜ್ಜ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದು ಗಿರಣಿಯ ಚಿಮಣಿ ನೋಡುತ್ತ ಕುಳಿತ.

ಬಿಸಿಲು ಏರುತ್ತಿತ್ತು. ಇವರು ಕೊಡವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿದರು. ಬಡಿಗೆಯವರಲ್ಲಿ ಒಬ್ಬ ಕೂಗಿದ: "ಕೊಡ ಭಾರ ಆತೇನಲೇ ಮೆಂಬರಾ? ಇಡು ಕೆಳಗ, ಯಾರೂ ನೋಡಂಗಿಲ್ಲ!" ಎಲ್ಲರೂ ನಕ್ಕರು. ಅತ್ತೆ ನನ್ನ ತೋಳು ಹಿಡಿದಿದ್ದಳು, ಅವಳ ಉಗುರು ಚುಚ್ಚುತ್ತಿತ್ತು.

ಜವಾನ ಓಡಿ ಬಂದು, "ಮೀಟಿಂಗಿಗೆ ಹೊತ್ತಾತ್ರಿ" ಎಂದ. ಆಗ ನನ್ನ ಗಂಡ ಕೊಡ ನೋಡಿದರು, ನೆಲ ನೋಡಿದರು. ಇಡುವಂತಿಲ್ಲ, ಚೆಲ್ಲುವಂತಿಲ್ಲ. ಇನ್ನೊಮ್ಮೆ "ಅಜ್ಜಾರ" ಎಂದರು. ಅಜ್ಜ ಕಣ್ಣು ಮುಚ್ಚಿದ. ಇವರು ತಿರುಗಿ ಬಾವಿ ಕಟ್ಟೆ ಹತ್ತಿದರು. ಕೊಡವನ್ನು ಬಗ್ಗಿಸಿ, ಅಷ್ಟೂ ನೀರನ್ನು ನಿಧಾನವಾಗಿ ಬಾವಿಗೇ ಹೊಯ್ದರು.

ನೀರು ನೀರಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಸೇದುವುದನ್ನು ಸಹಿಸಿದ್ದವರು ಇದನ್ನು ಎಣಿಸಿರಲಿಲ್ಲ. ನಮ್ಮವರು ಒಳಗಿಳಿದಾಗಲೆಲ್ಲ ಆ ನೀರನ್ನು ಬರಿದು ಮಾಡಿ ಹೊರಗೆ ಚೆಲ್ಲುತ್ತಿದ್ದರು. ನಮ್ಮ ಕೈ ಮುಟ್ಟಿದ ನೀರು ಕುಡಿಯುವ ನೀರಿನಲ್ಲಿ ಬೆರೆತದ್ದು ಅದೇ ಮೊದಲು. ಬಡಿಗೆಗಳು ಎದ್ದವು. ಒಂದು ಇವರ ಹೆಗಲಿಗೆ ಬಿತ್ತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಎದೆಗೆ ಸರಕಾರಿ ಬಿಲ್ಲೆಯ ಪಟ್ಟಾ ಹಾಕಿದ್ದ ಜವಾನ ನಡುವೆ ನುಗ್ಗಿ, "ಕಮಿಟಿ ಮೆಂಬರ್‌ನ ಮ್ಯಾಲ ಕೈ ಮಾಡಬ್ಯಾಡ್ರಿ, ಮಿಲಿಟ್ರಿ ಇನ್ನಾ ಊರಾಗ ಅದ!" ಎಂದು ಅರಚಿದ. ಆ ಮಾತಿಗೆ ನಿಂತರು. ಇವರು ಖಾಲಿ ಕೊಡ ಹಿಡಿದುಕೊಂಡೇ ಮೀಟಿಂಗಿಗೆ ಹೋದರು, ಮುಗಿಯುವ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರಂತೆ. ಸಂಜೆ ಹೆಗಲಿಗೆ ಬಿಸಿ ಉಪ್ಪಿನ ಗಂಟು ಇಡುವಾಗ "ಮೀಟಿಂಗಿನ್ಯಾಗ ಏನಂದ್ರು?" ಎಂದು ಕೇಳಿದೆ. "ಯಾರೂ ನನ್ನ ಕಡೆ ನೋಡಲಿಲ್ಲ" ಎಂದರು. ಕೊಡವನ್ನು ಗೂಟಕ್ಕೆ ತೂಗುಹಾಕಿದರು, ನೆಲಕ್ಕೆ ಇಡಲಿಲ್ಲ.

ಮರುದಿನದಿಂದ ಗಿರಣಿ ನಮ್ಮವರಿಗೆ ಮುಚ್ಚಿತು. ಓಣಿಯ ಹೆಂಗಸರು ಕೋಟೆಯ ಆಚೆಯ ಬಾವಿಗೆ ಬಿಸಿಲಲ್ಲಿ ಹೋಗಿ ಬರತೊಡಗಿದರು. ನಡುವಿನ ಬಾವಿಗೆ ಯಾರೂ ಹಗ್ಗ ಬಿಡಲಿಲ್ಲ. ಕೇರಿಯಲ್ಲಿ ಜೋಳ ಮುಗಿಯುತ್ತ ಬಂತು. ಮಾನ್ವಿಯ ಕಡೆಯ ಕುರ್ಡಿಯಿಂದ ನನ್ನ ಅಪ್ಪ ಒಂದು ಚೀಲ ಹೊತ್ತು ತಂದ. ಅದನ್ನು ಎಷ್ಟು ಮನೆಗೆಂದು ಹಂಚುವುದು? ನನ್ನ ಜೊತೆ ನಗುತ್ತಿದ್ದ ನೆರೆಯವಳು ಈಗ ಮುಖ ತಿರುಗಿಸಿ ಹೋಗುತ್ತಿದ್ದಳು.

ಆಗ ಸಾಹುಕಾರನ ಆಳು ಬಂದ. ಬಾವಿ ಶುದ್ಧ ಮಾಡಬೇಕಂತೆ. ಅಯ್ಯನವರು ಹೇಳಿದ್ದಾರಂತೆ, ಮೊದಲು ನೀರು ಬರಿದು ಮಾಡಿಸಿರಿ, ಹೊಸ ನೀರು ಬಂದ ಮೇಲೆ ನಾನು ಬರುತ್ತೇನೆ ಎಂದು. "ಅದಕ್ಕ ಹೂಳ ತಗಿಯೋ ಮಂದಿನ್ನ ಕರ್ಕೊಂಡು ಬಾ ಅಂದಾರ" ಎಂದ. ಪ್ರತಿ ವರ್ಷ ಕರೆದ ಹಾಗೆಯೇ ಕರೆದ. ತಾನು ಏನು ಹೇಳುತ್ತಿದ್ದೇನೆಂದು ಆತನಿಗೂ ಹೊಳೆದಿರಲಿಲ್ಲ, ಕಳಿಸಿದವರಿಗೂ ಹೊಳೆದಿರಲಿಲ್ಲ.

ಅತ್ತೆ ಮೊರ ಕೆಳಗಿಟ್ಟಳು. "ಏನಂದಿ ಯಪ್ಪಾ? ನಮ್ಮ ಕೈ ಹತ್ತಿದ ನೀರು ತಗಿಯಾಕ ನಮ್ಮ ಕೈನ ಬೇಕಾತೇನು?"

ಕೇರಿ ನಕ್ಕಿತು. ಎಷ್ಟೋ ದಿನದ ಮೇಲೆ ನಕ್ಕಿತು. ಆದರೆ ನನ್ನ ಮೈದುನ ನಗಲಿಲ್ಲ. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡ. "ಅಣ್ಣಾ, ಮನ್ಯಾಗ ಕೂಸು ಹಸಗೊಂಡದ. ನಾ ಹೊಂಟೆ. ಬಾವಿ ತಗದ್ರ ಗಿರಣಿ ತಗಿತೀವಿ ಅಂತಾರ."

ಇವರು ತಮ್ಮನ ಮುಖ ನೋಡಿದರು. ಹೋಗಬೇಡ ಎನ್ನುತ್ತಾರೆ ಎಂದು ಕಾದೆ. "ಹೋಗು. ನಿನ್ನ ಹಸಿವಿಗೆ ನಾ ಅಡ್ಡ ಬರಂಗಿಲ್ಲ" ಎಂದರು. ಒಳಗೆ ಹೋಗಿ ಗೂಟದ ಕೊಡದ ಕೆಳಗೆ ಕುಳಿತರು. ತಮ್ಮ ಇಳಿದು ನೀರು ತೆಗೆದರೆ, ಮೈಲಿಗೆ ಆಯಿತೆಂದು ನಮ್ಮವರೇ ಒಪ್ಪಿದಂತೆ.

ನಾನು ತಡೆಯಲಾರದೆ ಮೈದುನನ ಹಿಂದೆ ಹೋದೆ. ಮಧ್ಯಾಹ್ನ. ಸಾಹುಕಾರ ಕೊಡೆ ಹಿಡಿದು ನಿಂತಿದ್ದ. ಅಜ್ಜ ಅದೇ ಕಟ್ಟೆಯ ಮೇಲೆ. ಮೈದುನ ಹಗ್ಗವನ್ನು ರಾಟೆಯ ಕಂಬಕ್ಕೆ ಬಿಗಿದು, ಒಂದು ಕಾಲು ಒಳಗಿಟ್ಟು, ಹಾಗೇ ನಿಂತ.

"ಇಳಿಯಲೇ, ಯಾಕ ನಿಂತಿ?"

"ಒಂದು ಮಾತರೀ ಸಾಹುಕಾರ್ರ. ಅಣ್ಣ ಹೊಯ್ದ ನೀರು ನಾ ತಗೀತೀನಿ. ನಾ ಮುಳುಗಿ ಎದ್ದದ್ದನ್ನ ಯಾರು ತಗೀತಾರ? ನನ್ನ ಕಾಕಾನ್ನ ಕರೀಲೇನು?"

ಹಟಕ್ಕೆ ಕೇಳಿದನೋ, ನಿಜವಾಗಿ ತಿಳಿಯದೆ ಕೇಳಿದನೋ, ಆಮೇಲೂ ಅವನು ಹೇಳಲಿಲ್ಲ. ಕಟ್ಟೆಯ ಮೇಲೆ ಹಿರಿಯಜ್ಜ ನಗತೊಡಗಿದ. ಹಲ್ಲಿಲ್ಲದ ಬಾಯಿ, ಎದೆಯೆಲ್ಲ ಕುಲುಕುವ ನಗು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. "ನೀರು, ನೀರು" ಎಂದ. ಸೊಸೆ ಒಳಗಿನಿಂದ ಓಡಿ ಬಂದಳು. "ಹರವಿ ಬರಿದಾಗೇದ್ರಿ ಮಾವಾರ, ಕೋಟಿ ಬಾವಿಗೆ ಹ್ವಾದೋರು ಇನ್ನಾ ಬಂದಿಲ್ಲ." ಅಜ್ಜನ ಕಣ್ಣು ಮೇಲಾದವು. ಆಕೆ ಒಂದು ಗಳಿಗೆ ಗಂಡನ ಕಡೆ ನೋಡಿದಳು. ಆಮೇಲೆ ತಂಬಿಗೆಗೆ ಹಗ್ಗ ಬಿಗಿದು, ನನ್ನ ಮೈದುನನ ಕಾಲಿನ ಪಕ್ಕದಲ್ಲೇ ಬಾವಿಗೆ ಬಿಟ್ಟಳು.

ಅಜ್ಜ ಕುಡಿದ. ಗಡ್ಡದಿಂದ ಇಳಿಯುವಷ್ಟು ಕುಡಿದ. ಸಾಹುಕಾರ ಕೊಡೆ ಮಡಿಚಿಕೊಂಡು ಒಳಗೆ ಹೋದ. ಮೈದುನ ಕಂಬದ ಹಗ್ಗ ಬಿಚ್ಚಿದ. ನಾನು ಮನೆಗೆ ಓಡಿದೆ. "ಕುಡಿದ್ರು" ಎಂದೆ. ಅವರು ಯಾರು ಎಂದು ಕೇಳಲಿಲ್ಲ. ಗೂಟದಿಂದ ಕೊಡ ಇಳಿಸಿದರು. ಆದರೂ ನೆಲಕ್ಕೆ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಕುಳಿತರು. ತಾವು ಬಾವಿಗೆ ಹೊಯ್ದ ನೀರನ್ನು ಅಜ್ಜ ಕೆಮ್ಮು ಬಂದು ಕುಡಿದದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅವರಿಗೂ ಗೊತ್ತಿರಲಿಲ್ಲ.

ಎಲ್ಲವೂ ಅಂದೇ ಬದಲಾಗಲಿಲ್ಲ. ಗಿರಣಿ ತೆರೆದದ್ದು ಕೆಲವು ದಿನದ ಮೇಲೆ, ಅದೂ ಆಳು ಸಾಲದೆ. ನಮ್ಮ ಹೆಂಗಸರು ಆ ಬಾವಿಗೆ ಕೊಡ ಬಿಟ್ಟದ್ದು ಇನ್ನೂ ಎಷ್ಟೋ ತಡವಾಗಿ, ಇನ್ನೆಷ್ಟೋ ಜಗಳದ ಮೇಲೆ. ಸಾಹುಕಾರ ಸಾಯುವ ತನಕ ಇವರನ್ನು ಮೆಂಬರ್ ಎನ್ನಲಿಲ್ಲ.

ಆದರೆ ಅವತ್ತು ಇಳಿಹೊತ್ತಿಗೆ ಕೇರಿಯ ಬಾಯಿಯಲ್ಲಿ ಕೋಲಿನ ಸದ್ದು ಕೇಳಿಸಿತು. ಹಿರಿಯಜ್ಜ. ಆತ ಆ ತನಕ ನಮ್ಮ ಕಡೆ ಕಾಲಿಟ್ಟವನಲ್ಲ. ಆಡುವ ಮಕ್ಕಳು ಆಟ ಬಿಟ್ಟು ನಿಂತವು.

"ಮೆಂಬರ್ರ ಮನಿ ಯಾವುದು?"

ಇವರು ಕೊಡ ಹಿಡಿದೇ ಹೊರಗೆ ಬಂದರು.

ಅಜ್ಜ ಕೊಡ ನೋಡಿದ, ನೋಡದ ಹಾಗೆ ಮಾಡಿದ. "ನಮ್ಮ ಮನಿ ಮುಂದಿನ ಗಟಾರ ಕಟ್ಕೊಂಡದ. ವಕೀಲಗ ಹೇಳಿದೆ, ಸಾಬಗ ಹೇಳಿದೆ. ಯಾರೂ ಮಾಡಲಿಲ್ಲ. ಸೊಳ್ಳಿ ಕಾಟಕ್ಕ ಕಟ್ಟಿ ಮ್ಯಾಲ ಕುಂದ್ರಾಕ ಆಗವಲ್ದು. ನಿಮ್ಮ ಮೀಟಿಂಗಿನ್ಯಾಗ ಹೇಳ್ರಿ."

ಇವರು ಬಗ್ಗಿ, ಕೊಡವನ್ನು ಹೊಸ್ತಿಲ ಪಕ್ಕದ ನೆಲಕ್ಕೆ ಇಟ್ಟರು.

"ಎಲ್ಲಿಂದ ಕಟ್ಕೊಂಡದ ತೋರಿಸ್ರಿ ಅಜ್ಜಾರ, ನಡೀರಿ" ಎಂದು ಚಪ್ಪಲಿ ಮೆಟ್ಟಿ ಹೊರಟರು. ಅಜ್ಜನ ಹೆಜ್ಜೆಗೆ ತಮ್ಮ ಹೆಜ್ಜೆ ನಿಧಾನ ಮಾಡಿಕೊಂಡು, ನೋವಿದ್ದ ಹೆಗಲು ಒಂದಿಷ್ಟು ಎತ್ತಿಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಇಬ್ಬರೂ ಬಾವಿ ದಾಟಿ ಕಾಣದಾಗುವ ತನಕ.