ಗಂಟು ಹಾಕದ ಹಳದಿ ಪಟ್ಟಿಗಳು

ರಾಯಚೂರಿನಲ್ಲಿ ಉಲ್ಲನ್ ಹೆಣೆಯುತ್ತಿದ್ದೆವು ಎಂದರೆ ಈಗಿನವರು ನಗುತ್ತಾರೆ. ನಗಲಿ, ಆಗಲೂ ನಗುತ್ತಿದ್ದರು. ಸೆಕೆಗೆ ಗೋಡೆಗೆ ಬೆನ್ನು ಹಚ್ಚಿ ಕೂರಲಾಗದ ಮನೆಗಳಲ್ಲಿ ನಮ್ಮ ಓಣಿಯ ಹೆಂಗಸರು ತೊಡೆಯ ಮೇಲೆ ಉಲ್ಲನ್ ಉಂಡೆ ಇಟ್ಟುಕೊಂಡು ಕೂತಿರುತ್ತಿದ್ದ ಕಾಲ ಅದು. ಕ್ರೋಶಾ ಕಡ್ಡಿ ಇಲ್ಲದ ಮನೆ ಒಂದೂ ಇರಲಿಲ್ಲ. ಟೀವಿಗೊಂದು ಹೊದಿಕೆ, ಟೀವಿಯ ಮೇಲಿನ ಹೂದಾನಿಯ ಕೆಳಗೊಂದು ಹಾಸು, ಬಾಗಿಲಿಗೆ ತೋರಣ, ಕುಡಿಯುವ ನೀರಿನ ಕೊಡದ ಮೇಲೂ ಒಂದು ಜಾಲರಿ. ಇನ್ನು ನನಗೊಂದು ಹೆಣೆದು ಹೊದಿಸಿಬಿಡಿ, ಮುಗಿದುಹೋಗಲಿ ಎಂದು ಅಪ್ಪ ಗೊಣಗುತ್ತಿದ್ದ.

ಈ ಹುಚ್ಚು ಹಚ್ಚಿದವರು ಪಕ್ಕದ ಮನೆಯ ಚಾಚಿ. ಅವರ ಯಜಮಾನರಿಗೆ ಬಜಾರಿನಲ್ಲಿ ದಾರ, ಲೇಸು, ಗುಂಡಿ ಮಾರುವ ಸಣ್ಣ ಅಂಗಡಿ ಇತ್ತು. ಅಂಗಡಿಯಲ್ಲಿ ಉಳಿದ ಉಲ್ಲನ್ ಎಲ್ಲ ಚಾಚಿಯ ಪಾಲು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಟ್ರಂಕಿನ ಮುಚ್ಚಳ ತೆಗೆದರೆ ಡಾಂಬರು ಗುಳಿಗೆಯ ವಾಸನೆ ಓಣಿಯ ಬಾಯಿಯವರೆಗೆ ಬರುತ್ತಿತ್ತು. ಕುಂಟಾಬಿಲ್ಲೆ ಆಡುತ್ತಿದ್ದ ನಾವು ಆ ವಾಸನೆಗೆ ಆಟ ಬಿಟ್ಟು ಓಡುತ್ತಿದ್ದೆವು. ಯಾಕೆಂದರೆ ಹೊಸ ಉಲ್ಲನ್ ಲಡಿಯನ್ನು ಎರಡೂ ಕೈಗೆ ಹಾಕಿಸಿಕೊಂಡು ನಿಂತ ಹುಡುಗಿಗೆ ಉಂಡೆ ಸುತ್ತಿ ಮುಗಿದ ಮೇಲೆ ಒಂದು ಬೆಲ್ಲದ ಚೂರು ಸಿಗುತ್ತಿತ್ತು.

ನಾನು ಆಗ ಐದನೆಯ ಇಯತ್ತೆ. ನೀಲಕ್ಕ, ನನ್ನ ಒಬ್ಬಳೇ ಅಕ್ಕ, ದೇವದುರ್ಗಕ್ಕೆ ಮದುವೆಯಾಗಿ ಹೋಗಿದ್ದವಳು, ಬಸುರಿಯಾಗಿದ್ದಳು. ಹೆರಿಗೆ ಸಂಕ್ರಾಂತಿಯ ಸುಮಾರಿಗೆ ಎಂದಿದ್ದರು. ನಮ್ಮ ಊರಿನಲ್ಲಿ ವರ್ಷವೆಲ್ಲ ಬಿಸಿಲೇ ಆದರೂ ಆ ಕೆಲವು ವಾರ ಬೆಳಗಿನ ಹೊತ್ತು ಹಲ್ಲು ಕಟಕಟ ಅನ್ನುವುದು ನಿಜ. ಹಸುಗೂಸಿಗೆ ಬೆಚ್ಚಗಿನದೊಂದು ಬೇಕು ಎಂದು ಅವ್ವನ ಆಸೆ. ಚಾಚಿ ತಮ್ಮ ಮೊಮ್ಮಗನಿಗೆ ಹೆಣೆದಿದ್ದಂಥ, ಮೈತುಂಬ ಉಬ್ಬು ಜಡೆಗಳಿರುವ ದಪ್ಪ ಹೊದಿಕೆಯೇ ಆಗಬೇಕು. ಆದರೆ ನಮ್ಮಲ್ಲಿ ಹುಟ್ಟುವ ಮೊದಲು ಕೂಸಿಗೆಂದು ಏನೂ ಮಾಡಿಡುವಂತಿಲ್ಲ. ತೊಟ್ಟಿಲು ತರುವಂತಿಲ್ಲ, ಹೊಸ ಬಟ್ಟೆ ಹೊಲಿಸುವಂತಿಲ್ಲ. ಹುಟ್ಟಿದ ಕೂಸು ಮೊದಲು ಮೈಗೆ ಸುತ್ತಿಸಿಕೊಳ್ಳುವುದು ಮನೆಯವರ ಹಳೆಯ ಸೀರೆಯ ತುಂಡನ್ನೇ. ಅವ್ವ ಇದನ್ನು ಹೇಳಿ ನಿಟ್ಟುಸಿರು ಬಿಟ್ಟಾಗ ಚಾಚಿ ನಕ್ಕರು. ನಮ್ಮಲ್ಲೂ ಅದೇ ಶಾಸ್ತ್ರ, ಅದಕ್ಕೆ ಉಪಾಯವೂ ಇದೆ ಎಂದರು.

"ಪಟ್ಟಿ ಪಟ್ಟಿ ಮಾಡ್ರಿ. ಪಟ್ಟಿಗೆ ಯಾರಾರ ರಜಾಯಿ ಅಂತಾರೇನ್ರಿ? ಕಡೀ ಕುಣಿಕಿ ಬಿಗಿಬ್ಯಾಡ್ರಿ, ಪಿನ್ ಹಾಕಿ ಬಿಡ್ರಿ. ತೊಟ್ಟಿಲಾಗ ಹಾಕೋ ದಿನ ಎಲ್ಲಾ ಕೂಡಿಸಿ ಗಂಟ್ ಹಾಕಿದ್ರಾತು."

ಕ್ರೋಶಾ ಹೆಣೆದವರಿಗೆ ಗೊತ್ತು, ಹೆಣಿಕೆಯೆಲ್ಲ ನಿಂತಿರುವುದು ಕಡೆಯ ಒಂದು ಕುಣಿಕೆಯ ಮೇಲೆ. ದಾರ ಕತ್ತರಿಸಿ ಅದರೊಳಗೆ ತೂರಿಸಿ ಎಳೆದರೆ ಗಂಟು ಬೀಳುತ್ತದೆ, ಕೆಲಸ ಮುಗಿಯುತ್ತದೆ. ಹಾಗೆ ಮಾಡದೆ ಬಿಟ್ಟರೆ ಮುಗಿದಿಲ್ಲ ಎಂದೇ ಲೆಕ್ಕ. ದಾರದ ತುದಿ ಹಿಡಿದು ಎಳೆದರೆ ತಿಂಗಳುಗಟ್ಟಲೆ ಹೆಣೆದದ್ದು ಚಣದಲ್ಲಿ ಸರಸರ ಬಿಚ್ಚಿಕೊಳ್ಳುತ್ತದೆ. ಹೊದಿಕೆ ಅಂದರೆ ಹೊದಿಕೆಯಲ್ಲ, ಮುಗಿದಿದೆ ಅಂದರೆ ಮುಗಿದಿಲ್ಲ. ದೇವರ ಕಣ್ಣಿಗೆ ಮಣ್ಣೆರಚುವ ಈ ಉಪಾಯ ಅವ್ವನಿಗೆ ಬಹಳ ಹಿಡಿಸಿತು.

ಒಟ್ಟು ಐದು ಪಟ್ಟಿ. ಎರಡು ಅವ್ವನದು, ಎರಡು ದೇವದುರ್ಗದಲ್ಲಿ ನೀಲಕ್ಕನದು, ಒಂದು ಮಾನ್ವಿಯ ಅತ್ತೆಯದು. ಅತ್ತೆ ಅಂದರೆ ಅಪ್ಪನ ಅಕ್ಕ, ಯಾವ ಕೆಲಸದಲ್ಲೂ ಹಿಂದೆ ಬೀಳುವ ಪೈಕಿ ಅಲ್ಲ. ಎಲ್ಲರಿಗೂ ಅರಿಶಿನ ಬಣ್ಣದ ಉಲ್ಲನ್ ಎಂದು ಗೊತ್ತುಮಾಡಿ, ಚಾಚಿ ಹೆಣೆದುಕೊಟ್ಟ ಗೇಣುದ್ದದ ಮಾದರಿಗಳನ್ನು ಉಲ್ಲನ್ ಉಂಡೆಗಳ ಜೊತೆ ಬಸ್ಸಿಗೆ ಹೊರಟವರ ಕೈಯಲ್ಲಿ ಕಳಿಸಿದೆವು. ಆ ಜಡೆಯ ಹೆಣಿಕೆ ಸುಲಭವಲ್ಲ. ಕೆಳಗಿನ ಸಾಲಿನ ಕಂಬದ, ಅಂದರೆ ನೆಟ್ಟಗೆ ನಿಂತ ಉದ್ದ ಹೆಣಿಕೆಯ, ತಲೆಗೆ ಕಡ್ಡಿ ಚುಚ್ಚದೆ, ಕಂಬವನ್ನೇ ಹಿಂದಿನಿಂದ ಬಳಸಿ ಎಳೆಯಬೇಕು, ಆಗ ಅದು ಮುಂದಕ್ಕೆ ಉಬ್ಬುತ್ತದೆ. ಮೂರು ಕಂಬ ಬಿಟ್ಟು ಮುಂದಿನ ಮೂರನ್ನು ಮೊದಲು ಹೆಣೆದು, ಹಿಂದೆ ಬಂದು ಬಿಟ್ಟ ಮೂರನ್ನು ಅವುಗಳ ಮೇಲೆ ದಾಟಿಸಬೇಕು. ಒಂದು ಕಂಬ ತಪ್ಪಿದರೂ ಜಡೆ ಸೊಟ್ಟಗಾಗುತ್ತದೆ. ನನಗೆ ಬರುತ್ತಿದ್ದುದು ಬರೀ ಸರಪಳಿ. ಅದನ್ನೇ ಬಾಗಿಲಿನಿಂದ ಬಚ್ಚಲಿನವರೆಗೆ ಹೆಣೆದು ಅವ್ವನಿಂದ ಬೈಸಿಕೊಳ್ಳುತ್ತಿದ್ದೆ.

ಮೊದಲು ಬಂದದ್ದು ಮಾನ್ವಿಯ ಪಟ್ಟಿ. ಅತ್ತೆ ನಮ್ಮ ಉಲ್ಲನ್ ಸಾಲದೆಂದು ಅಲ್ಲಿಯ ಸಂತೆಯಲ್ಲೇ ಕೊಂಡಿದ್ದಳು, ಅದು ಅರಿಶಿನವೂ ಅಲ್ಲ, ನಿಂಬೆಹಣ್ಣೂ ಅಲ್ಲ. ಕೈ ಬಿಗಿ ಬೇರೆ, ಪಟ್ಟಿ ಒಂದು ಗೇಣು ಕುಳ್ಳಗಾಗಿ ಸೆಟೆದು ನಿಂತಿತ್ತು. ಥೇಟ್ ಅತ್ತೆಯಂತೆಯೇ ಎಂದು ಅವ್ವ, ಚಾಚಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಅವ್ವ ಹಾಗೆ ನಕ್ಕದ್ದು ಅದೇ ಕಡೆ.

ಚಳಿ ಬಿದ್ದ ಮೇಲೆ ನೀಲಕ್ಕ ಬಾಣಂತನಕ್ಕೆ ಬಂದಳು. ಮುಗಿಯುತ್ತ ಬಂದ ಒಂದು ಪಟ್ಟಿ, ಅರ್ಧವಾದ ಇನ್ನೊಂದು, ಎರಡೂ ಚೀಲದಲ್ಲಿದ್ದವು. ಪಾದಗಳು ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಅಂಗಳದ ಎಳೆಬಿಸಿಲಿನಲ್ಲಿ ಚಾಪೆ ಹಾಕಿ ಅವಳನ್ನು ಕೂರಿಸಿ, ನಾನು ಪಕ್ಕದಲ್ಲಿ ಕೂತು, ಇಬ್ಬರೂ ಸುಟ್ಟ ಸೀತನಿ ತಿನ್ನುತ್ತಿದ್ದೆವು. ಹಸಿ ಜೋಳದ ತೆನೆ ಕೆಂಡದಲ್ಲಿ ಸುಟ್ಟ ಆ ಘಮ, ಮೇಲೆ ಶೇಂಗಾ ಹಿಂಡಿ. ನೀಲಕ್ಕ ಒಂದು ಮುಕ್ಕು ತಿಂದು ಕೈ ಒರೆಸಿಕೊಂಡು ಎರಡು ಸಾಲು ಹೆಣೆಯುವಳು. ಹೊಟ್ಟೆಯ ಮೇಲೆ ಪಟ್ಟಿ ಹರಡಿದಾಗ ಒಳಗಿನಿಂದ ಒದೆ ಬಿದ್ದು ಉಲ್ಲನ್ ಅಲುಗಾಡುವುದು. ಇವನಿಗಿನ್ನೂ ಹೊದಿಕೆ ಸಿಕ್ಕಿಲ್ಲ, ಆಗಲೇ ಒದ್ದು ಸರಿಸಾಕತ್ತಾನ ನೋಡು ಎಂದು ನಗುವಳು. ನಾನು ಅಲ್ಲಿ ಕಿವಿ ಇಟ್ಟು ಅವನೊಡನೆ ಮಾತಾಡುತ್ತಿದ್ದೆ. ಬಾ, ಸೀತನಿ ಮುಗಿಯುವುದರೊಳಗೆ ಬಾ ಎನ್ನುತ್ತಿದ್ದೆ.

ಆಮೇಲೆ ಅವಳಿಗೆ ತಲೆನೋವು ಶುರುವಾಯಿತು. ಅವ್ವ ಶುಂಠಿ ತೇಯ್ದು ಹಣೆಗೆ ಹಚ್ಚಿದಳು. ದಿನ ಹತ್ತಿರ ಬಂದವರಿಗೆ ಕಾಲು ಬಾಯುವುದು, ತಲೆ ಸಿಡಿಯುವುದು ಇದ್ದದ್ದೇ ಎಂದಳು. ತನಗೂ ಆಗಿತ್ತಂತೆ. ದವಾಖಾನೆಗೆ ಅಮಾವಾಸ್ಯೆ ಕಳೆದ ಮೇಲೆ ಹೋದರಾಯಿತು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದೇ ದಿನಗಳಲ್ಲಿ ನೀಲಕ್ಕನ ಜಡೆ ತಪ್ಪತೊಡಗಿತು. ನಮ್ಮೆಲ್ಲರಲ್ಲಿ ಅವಳ ಕೈಯೇ ನೇರ, ಅವಳ ಜಡೆಯೇ ಸೊಟ್ಟ. ದಾಟಬೇಕಾದ ಕಂಬ ದಾಟಿಲ್ಲ, ಒಂದು ಕಡೆ ಎರಡೇ ಕಂಬ, ಇನ್ನೊಂದು ಕಡೆ ನಾಲ್ಕು. ಅವ್ವ ಪಟ್ಟಿಯನ್ನು ಕೈಗೆತ್ತಿಕೊಂಡು, ಚಿತ್ತ ಎಲ್ಲಿಟ್ಟೀಯವಾ, ಗಂಡನ ಮನಿ ನೆನಪಾಗಾಕತ್ತದೇನು ಎಂದು ಕೇಳಿದಳು. ನಾನು ಕಿಸಕ್ಕೆಂದೆ.

"ಕಣ್ಣಾಗ ಮಿಂಚ್ ಹೊಡದಂಗ ಆಗಾಕತ್ತದವ್ವಾ. ಕಂಬ ಎರಡೆರಡು ಕಾಣ್ತಾವ."

ಹೆಣೆದು ಹೆಣೆದು ಕಣ್ಣು ಸೋತಿವೆ, ಬಿಡು, ತಪ್ಪಿದ್ದನ್ನು ಹೆರಿಗೆಯಾದ ಮೇಲೆ ಬಿಚ್ಚಿ ಸರಿಮಾಡಿದರಾಯಿತು ಎಂದಳು ಅವ್ವ. ಚಾಚಿಯೂ ಹೌದೆಂದರು. ಇಬ್ಬರೂ ಹೆತ್ತವರು, ಇಬ್ಬರೂ ಅವಳನ್ನು ಪ್ರಾಣದಂತೆ ನೋಡಿಕೊಂಡವರು. ಇದನ್ನು ಬರೆಯುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುವುದಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತದೆ.

ಹೆಣೆಯುವುದನ್ನು ಬಿಡಿಸಿದ ಮೇಲೆ ನೀಲಕ್ಕನಿಗೆ ಹೊತ್ತು ಹೋಗದು. ಒಂದು ಮಧ್ಯಾಹ್ನ ಅವ್ವ ಗಿರಣಿಗೆ ಹೋಗಿದ್ದಾಗ, ಹೊದಿಕೆ ಹೇಗೆ ಕಾಣುತ್ತದೋ ನೋಡೋಣ ಎಂದು ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಜೋಡಿಸಿದಳು. ತುದಿಗೆ ಬಂದು, ಬಿಚ್ಚಿಕೊಳ್ಳಬಾರದೆಂದು ಗಂಟನ್ನೂ ಹಾಕಿದಳು. ಹಿಟ್ಟಿನ ಡಬ್ಬಿ ತಲೆಯ ಮೇಲಿಟ್ಟುಕೊಂಡು ಒಳಗೆ ಬಂದ ಅವ್ವನಿಗೆ, ಮಡಿಲ ಮೇಲೆ ಹರಡಿ ತಾನೇ ತೋರಿಸಿದಳು. ಅವ್ವ ಡಬ್ಬಿ ಇಳಿಸಲಿಲ್ಲ. ಬಿಚ್ಚು, ಈಗಿಂದೀಗ ಬಿಚ್ಚು ಎಂದಳು. ನೀಲಕ್ಕ ಮುಖ ಸಣ್ಣದು ಮಾಡಿಕೊಂಡು ಬಿಚ್ಚಿದಳು. ಗಂಟು ಕತ್ತರಿಸಿ ಕಡೆಯ ಕುಣಿಕೆಗಳನ್ನು ಮತ್ತೆ ಪಿನ್ನಿಗೆ ಏರಿಸಿದಳು. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಮರೆತಂತೆ ಇದ್ದೆವು.

ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಮುಖ ತೊಳೆಯುತ್ತಿದ್ದವಳಿಗೆ ಫಿಟ್ಸ್ ಬಂತು. ತಂಬಿಗೆ ಉರುಳಿದ ಸದ್ದಿಗೆ ಓಡಿದೆವು. ಚಾಚಿಯ ಯಜಮಾನರು ಆಟೋ ತಂದರು, ಅಪ್ಪ ಎತ್ತಿ ಹಾಕಿಕೊಂಡು ಹೋದ. ನೀಲಕ್ಕ ಉಳಿದಳು. ಕೂಸು, ಗಂಡು, ಅಳಲೇ ಇಲ್ಲ. ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಅವನನ್ನು ಅಪ್ಪ ಎದೆಗೆ ಅವಚಿಕೊಂಡು ಹೋಗುವುದನ್ನು ದವಾಖಾನೆಯ ಪಡಸಾಲೆಯಲ್ಲಿ ನಿಂತು ನೋಡಿದೆ. ಹೊರಗೆ ಚಳಿ ಇತ್ತು. ಮನೆಯಲ್ಲಿ ಐದು ಪಟ್ಟಿಗಳಿದ್ದವು.

ಅದೇ ಪಡಸಾಲೆಯಲ್ಲಿ ಮಾನ್ವಿಯಿಂದ ಓಡಿಬಂದ ಅತ್ತೆಯ ಕೊರಳಿಗೆ ಬಿದ್ದು ಅವ್ವ ಆ ಮಾತು ಆಡಿದಳು.

"ಗಂಟ್ ಹಾಕಿಬಿಟ್ಲವಾ. ಬ್ಯಾಡ ಬ್ಯಾಡ ಅಂದ್ರೂ ಗಂಟ್ ಹಾಕಿಬಿಟ್ಲು."

ದುಃಖದಲ್ಲಿ ಆಡಿದ ಮಾತು ನಿಜ. ಆದರೆ ಪಟ್ಟಿಗಳು ಓಡಾಡಿದ ಅದೇ ಬಸ್ಸುಗಳಲ್ಲಿ ಆ ಮಾತೂ ಓಡಾಡಿತು. ಮಾನ್ವಿಗೆ ಹೋಯಿತು, ದೇವದುರ್ಗಕ್ಕೆ ಹೋಯಿತು. ನೀಲಕ್ಕ ಗಂಡನ ಮನೆಗೆ ಹೋಗುವ ಮೊದಲೇ ಅಲ್ಲಿ ಹೋಗಿ ಕೂತಿತ್ತು. ಅವಳ ಅತ್ತೆ ಬೈಯಲಿಲ್ಲ, ಗಂಡ ಹೊಡೆಯಲಿಲ್ಲ. ಗಂಟು ಹಾಕಿದವಳು ಎಂದು ಒಪ್ಪಿಕೊಂಡು ಸುಮ್ಮನಾದರು, ಅಷ್ಟೇ. ಅವಳೂ ಒಪ್ಪಿಕೊಂಡಳು. ಮತ್ತೆ ಬಸಿರು ನಿಲ್ಲಲಿಲ್ಲ. ಯಾವ ಬಸುರಿಯ ಕುಬಸಕ್ಕೂ ಹೋಗುವುದನ್ನು ಬಿಟ್ಟಳು. ಹೂ ಕಟ್ಟುವುದನ್ನೂ ಬಿಟ್ಟಳು, ಬೇರೆಯವರು ಕಟ್ಟಿಕೊಟ್ಟರೆ ಮುಡಿಯುವಳು. ಏಳು ತಿಂಗಳಿಗೆ ನನ್ನ ಕುಬಸವಾದಾಗ ಹಸಿರು ಸೀರೆ, ಬಳೆ ಕಳಿಸಿದಳು, ತಾನು ಬರಲಿಲ್ಲ. ಬರಬ್ಯಾಡ ಅಂತ ಯಾರೂ ಅಂದಿಲ್ಲವಲ್ಲ ಎಂದು ಫೋನಿನಲ್ಲಿ ಜಗಳಾಡಿದೆ. ನಾನೇ ಅಂದ್ಕೊಂಡೀನಿ ಎಂದಳು.

ನನ್ನನ್ನು ಮಾನ್ವಿಗೆ ಕೊಟ್ಟಿದ್ದರು. ಅಲ್ಲಿಯ ದವಾಖಾನೆಯ ನರ್ಸಮ್ಮ ಪ್ರತಿ ಸಲ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿ ಅವೇ ಮೂರು ಪ್ರಶ್ನೆ ಕೇಳುತ್ತಿದ್ದರು. ತಲೆ ನೋಯುತ್ತದೆಯೇ, ಕಾಲು ಮುಖ ಬಾತಿವೆಯೇ, ಕಣ್ಣಿನಲ್ಲಿ ಮಿಂಚು ಹೊಡೆಯುತ್ತದೆಯೇ. ಇವು ಕೂಡಿ ಬಂದರೆ ಒಂದು ದಿನವೂ ಮನೆಯಲ್ಲಿ ಇರಬೇಡ, ಓಡಿ ಬಾ ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಮೂರನೆಯ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಮಗಳು ಹುಟ್ಟಿದ ಮೇಲೆ ತವರಿನಲ್ಲಿ ಅವ್ವ ಇಲ್ಲದ ಹೊತ್ತು ನೋಡಿ ಅವಳ ಟ್ರಂಕು ತೆಗೆದೆ. ನೀಲಕ್ಕನ ಅರ್ಧ ಪಟ್ಟಿ ಅಡಿಯಲ್ಲಿತ್ತು. ಕೆಳಗಿನಿಂದ ನೆಟ್ಟಗೆ ಏರಿದ ಜಡೆ, ಆಮೇಲೆ ಒಂದು ಕಂಬ ತಪ್ಪಿ, ಆಮೇಲೆ ಎರಡು, ಕಡೆಗೆ ಜಡೆಯೇ ಇಲ್ಲ, ಬರೀ ತಡಕಾಟ. ನಾವೆಲ್ಲ ಗಂಟನ್ನೇ ನೋಡಿದೆವು. ಅವಳ ಕೈ ವಾರಗಟ್ಟಲೆ ಹೇಳುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಅವ್ವ ಇರುವವರೆಗೆ ಬಾಯಿ ಬಿಡಲಿಲ್ಲ. ಅವಳು ತೀರಿಕೊಂಡ ಮೇಲೆ, ಹೋದ ಚಳಿಗಾಲದಲ್ಲಿ, ಆ ಪಟ್ಟಿಯನ್ನು ಚೀಲದಲ್ಲಿ ಇಟ್ಟುಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಅಕ್ಕನ ತಲೆಯ ಮೇಲಿನ ಭಾರ ಇಳಿಸಿ ಬರುತ್ತೇನೆಂಬ ಖುಷಿ ಇತ್ತು ನನಗೆ, ದರಿದ್ರ ಖುಷಿ. ಊಟವಾದ ಮೇಲೆ ಪಟ್ಟಿಯನ್ನು ಅವಳ ತೊಡೆಯ ಮೇಲೆ ಹರಡಿ ಎಲ್ಲವನ್ನೂ ಹೇಳಿದೆ. ಗಂಟಿನಿಂದಲ್ಲ ಅಕ್ಕಾ, ಬಿಪಿಯಿಂದ. ನಿನ್ನ ತಪ್ಪಲ್ಲ. ಅವಳು ತಪ್ಪಿದ ಕಂಬಗಳ ಮೇಲೆ ಬೆರಳಾಡಿಸಿದಳು.

"ಹಂಗಾರ ಅವತ್ತ ದವಾಖಾನಿಗಿ ಹೋಗಿದ್ರ ಕೂಸು ಉಳೀತಿತ್ತೇನು?"

ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಹೇಳು ಗಿರಿಜಾ ಎಂದು ಅವಳು ನನ್ನ ಮುಖ ನೋಡಿದಳು. ಉಳಿಯಬಹುದಿತ್ತು ಎಂದೆ.

"ಇಷ್ಟ್ ವರ್ಷ ನಂದ ತಪ್ಪು ಅಂದ್ಕೊಂಡಿದ್ದೆ, ತಡಕೊಂಡೆ," ಎಂದಳು ನೀಲಕ್ಕ. "ಈಗ ಅವ್ವಂದು ಅಂತ ಹೆಂಗ ತಡಕೊಳ್ಳಲಿ?"

ಸಂಜೆಯ ಬಸ್ಸಿಗೆ ಬಿಟ್ಟುಹೋಗಲು ಬಂದವಳು ಪಟ್ಟಿಯನ್ನು ಮಡಚಿ ನನ್ನ ಚೀಲದಲ್ಲೇ ಇಟ್ಟಳು. ಪಿನ್ನು ತುಕ್ಕು ಹಿಡಿದಿತ್ತು, ಕಡೆಯ ಕುಣಿಕೆ ಹಾಗೇ ಇತ್ತು.

ಓಣಿಯಲ್ಲಿ ಈಗ ಕಡ್ಡಿ ಹಿಡಿಯುವವರು ಯಾರೂ ಇಲ್ಲ. ಚಾಚಿ ಹೋದರು, ಅವರ ಮನೆಯ ಮುಂಭಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿದೆ. ಮಾನ್ವಿಯ ಸಂತೆಯಲ್ಲಿ ಹುಲಿ, ನವಿಲು ಚಿತ್ರದ ಹೊದಿಕೆಗಳನ್ನು ರಾಶಿ ಹಾಕಿ ಮಾರುತ್ತಾರೆ, ಹುಟ್ಟುವ ಮೊದಲೇ ಕೊಂಡಿಡುತ್ತಾರೆ, ಕೂಸುಗಳು ಸುಖವಾಗಿ ಹುಟ್ಟುತ್ತವೆ. ಸೀತನಿ ಸುಡುವವರೂ ಕಡಿಮೆಯಾಗಿದ್ದಾರೆ. ಇವೆಲ್ಲ ಹೋದದ್ದಕ್ಕೆ ನಾನು ಅಳುವುದಿಲ್ಲ, ಕಾಲ ಬಂದಾಗ ಹೋಗುವಂಥವೇ. ಆದರೆ ನೀಲಕ್ಕನ ಮಗ ಹೋದ, ಆಮೇಲೆ ಮಕ್ಕಳೇ ಆಗಲಿಲ್ಲ, ಮುಡಿಗೆ ತಾನೇ ಹೂ ಕಟ್ಟಿಕೊಳ್ಳುವ ಸುಖವೂ ಹೋಯಿತು. ಅಷ್ಟೆಲ್ಲ ಹೋದರೂ ನೆನೆದು ಅಳಲಿಕ್ಕೆ ಅವಳಿಗೆ ಅವ್ವ ಒಬ್ಬಳು ಉಳಿದಿದ್ದಳು. ಅವಳನ್ನೂ ನಾನು ಅವತ್ತು ಕಿತ್ತುಕೊಂಡು ಬಂದೆ.