ಬಚ್ಚಲ ಹಿಂದಿನ ಕಣಗಿಲೆ

ಹೋದ ಬೇಸಿಗೆಯಲ್ಲಿ ಸೇಲಂನಿಂದ ಧರ್ಮಪುರಿಗೆ ಬರುವಾಗ ತೊಪ್ಪೂರು ಘಾಟಿಯಲ್ಲಿ ಲಾರಿಯೊಂದು ಅಡ್ಡ ನಿಂತು, ನಮ್ಮ ಬಸ್ಸು ಬಹಳ ಹೊತ್ತು ಕದಲಲಿಲ್ಲ. ಕಿಟಕಿಯ ಪಕ್ಕದಲ್ಲೇ, ರಸ್ತೆಯ ನಡುವಿನ ಮಣ್ಣಿನಲ್ಲಿ, ಕಣಗಿಲೆಯ ಸಾಲು ಬಿಸಿಲಿಗೆ ಬಾಡದೆ ಹೂ ಬಿಟ್ಟಿತ್ತು. ಡೀಸೆಲ್ ಹೊಗೆಯ ನಡುವೆಯೂ ಅದರ ವಾಸನೆ ಬಂತು. ಸಿಹಿಯ ಅಂಚಿಗೆ ಒಂದಿಷ್ಟು ಕಹಿ ಅಂಟಿಕೊಂಡ ವಾಸನೆ. ನಿಮಗೂ ಇಂಥದೊಂದು ಇದ್ದೀತು. ಮನೆ ಹೋಗಿ, ಮನೆಯವರೂ ಹೋಗಿ, ವಾಸನೆ ಮಾತ್ರ ಎಲ್ಲೋ ದಾರಿಯಲ್ಲಿ ಎದುರಾಗುವಂಥದು. ನಾನು ಕಿಟಕಿ ಮುಚ್ಚಿದೆ. ಆಮೇಲೆ ತಡೆಯಲಾರದೆ ಮತ್ತೆ ತೆರೆದೆ.

ಪಾಲಕೋಡಿನ ಆಚೆಯ ಹಳ್ಳಿಯೊಂದರಲ್ಲಿ ನಮ್ಮದು ಹೆಂಚಿನ ಮನೆ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಿ, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡವ್ವ, ನಾನು, ನನ್ನ ಬೆನ್ನಿಗೆ ಹುಟ್ಟಿದ ತಂಗಿ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಕೊಳತ್ತೂರಿನ ಕಡೆಯ ತವರಿನಿಂದ ಮದುವೆಯಾಗಿ ಬರುವಾಗ ಅವಳು ಕಣಗಿಲೆಯ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದಳಂತೆ. ಬಚ್ಚಲ ನೀರು ಹರಿದುಹೋಗುವ ಕಡೆ ಅವನ್ನು ನೆಟ್ಟಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅವು ಗೋಡೆ ಮೀರಿ ಬೆಳೆದಿದ್ದವು: ಬಿಳಿ, ಗುಲಾಬಿ, ಕೊನೆಯಲ್ಲಿ ಒಂದೇ ಒಂದು ಕೆಂಪು. ನೆರೆಯ ತಮಿಳಿನವರು ಅದನ್ನು ಅರಳಿ ಎನ್ನುತ್ತಿದ್ದರು. ನಮಗೆ ಅರಳಿ ಎಂದರೆ ಕಟ್ಟೆಯ ಮೇಲಿನ ಮರ. ಈ ಗೊಂದಲಕ್ಕೆ ದೊಡ್ಡವ್ವ ಪ್ರತಿಸಲವೂ ನಗುತ್ತಿದ್ದಳು. ಹೂ ಮುಗಿದ ಮೇಲೆ ಕೊಂಬೆ ಕತ್ತರಿಸುವುದು, ಎಳೆ ತುದಿಗೆ ಹಳದಿ ಹೇನು ಹತ್ತಿದರೆ ಒಲೆಯ ಬೂದಿ ಎರಚುವುದು, ಬುಡಕ್ಕೆ ನೀರು ಹೆಚ್ಚಾಗದಂತೆ ಕಾಲುವೆ ತಿರುಗಿಸುವುದು, ಅವಳ ಮಧ್ಯಾಹ್ನಗಳೆಲ್ಲ ಅದರಲ್ಲೇ ಕಳೆಯುತ್ತಿದ್ದವು. ಬೇಲಿ ಬೇಕಿರಲಿಲ್ಲ, ಮೇಕೆಗಳು ಮೂಸಿ ನೋಡಿ ತಿರುಗಿ ಹೋಗುತ್ತಿದ್ದವು. ನಾನು ಹೂ ಕಿತ್ತರೆ ಕೈ ತೊಳೆಸದೆ ಬಿಡುತ್ತಿರಲಿಲ್ಲ. ಅದರ ಹಾಲು ವಿಷ ಎಂದು ಅವಳೇ ಹೇಳಿಕೊಟ್ಟಿದ್ದಳು. ಹಗಲಲ್ಲಿ ಎಲ್ಲರೂ ಟೊಮೇಟೊ ಹೊಲಕ್ಕೆ ಹೋದರೆ, ಆ ಮನೆಯಲ್ಲಿ ಉಳಿಯುತ್ತಿದ್ದುದು ಅವಳು, ನಾನು, ತಂಗಿ ಮತ್ತು ಆ ಗಿಡಗಳ ನೆರಳು.

ಅಮ್ಮ ಮೂರನೆಯ ಸಲ ಬಸುರಾದಾಗ ಮನೆಯ ಗಾಳಿ ಬದಲಾಯಿತು. ಜಗಲಿಯ ಹೆಂಗಸರು ನನ್ನನ್ನು ಕಂಡರೆ ದನಿ ತಗ್ಗಿಸುತ್ತಿದ್ದರು. ಅಮ್ಮ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಬಾಣಂತನಕ್ಕೆಂದು ಅಜ್ಜಿಯ ತಂಗಿ ಬಂದು ಇಳಿದುಕೊಂಡಳು. ಒಂದು ದಿನ ಅವಳೂ ಅಜ್ಜಿಯೂ ಬಚ್ಚಲ ಹಿಂದೆ ನಿಂತು ಮಾತಾಡುತ್ತಿದ್ದರು. ಅಜ್ಜಿಯ ತಂಗಿ ಕೊಂಬೆಯೊಂದನ್ನು ಬಗ್ಗಿಸಿ ಹೇಳಿದಳು, "ಮನೆ ಇಂದ್ಗಡೇನೇ ಐತಲ್ಲಕ್ಕಾ. ಎಲ್ಲೂ ಓಗಿ ತರೋ ಕೆಲ್ಸ ಇಲ್ಲ." ಪೂಜೆಯ ಮಾತಿರಬೇಕೆಂದು ನಾನು ಅದನ್ನು ಹಾಗೆಯೇ ದೊಡ್ಡವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, ಇನ್ನೊಂದು ಸಲ ಹೇಳಿಸಿದಳು.

ಆ ಕಾಲದಲ್ಲಿ ನಮ್ಮ ಸೀಮೆಯ ಕೆಲವು ಮನೆಗಳಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಕೂಸು ಉಳಿಯುತ್ತಿರಲಿಲ್ಲ. ಹೇಗೆಂದು ಯಾರೂ ಕೇಳುತ್ತಿರಲಿಲ್ಲ. ಯಾರೂ ಅಳುತ್ತಲೂ ಇರಲಿಲ್ಲ. ಇದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಅಂದು ನಾನು ಕಂಡದ್ದು ಇಷ್ಟೇ: ಅಜ್ಜಿಯೂ ಅವಳ ತಂಗಿಯೂ ಪಾಲಕೋಡ್ ಸಂತೆಗೆ ಹೋದ ದಿನ ದೊಡ್ಡವ್ವ ಸೀರೆ ಎತ್ತಿ ಕಟ್ಟಿ, ಕೊಡಲಿ ಹಿಡಿದು ಬಚ್ಚಲ ಹಿಂದೆ ಹೋದಳು. ನನ್ನನ್ನು ಹೊಸಿಲು ದಾಟಬೇಡ ಎಂದಳು. ಹೂ ತುಂಬಿದ ಗಿಡಗಳು ಒಂದೊಂದಾಗಿ ಬಿದ್ದವು. ಕೆಂಪು ಗಿಡದ ಮುಂದೆ ಮಾತ್ರ ಸ್ವಲ್ಪ ನಿಂತಳು. ಬುಡಗಳನ್ನು ಹಾರೆಯಿಂದ ಮೀಟಿ, ಬೇರು ಬಿಡದೆ ಕಿತ್ತಳು. ಒಲೆಗೆ ಹಾಕಿದರೆ ಹೊಗೆಯೂ ಕೆಟ್ಟದ್ದೆಂದು ಎಲ್ಲವನ್ನೂ ಹೊರೆ ಕಟ್ಟಿ, ಹಳ್ಳದಾಚೆಯ ಕಲ್ಲುಗುಂಡಿಗೆ ತಲೆಯ ಮೇಲೆ ಹೊತ್ತು ಹಾಕಿ, ಮೇಲೆ ಮಣ್ಣೆಳೆದು ಬಂದಳು. ಅವಳ ಮೊಣಕೈವರೆಗೂ ಗುಳ್ಳೆ ಎದ್ದಿತ್ತು.

ಸಂಜೆ ಅಜ್ಜಿ ಬಂದು ಬಯಲಾದ ನೆಲ ನೋಡಿದಳು. ಗಿಡ ಏನಾಯಿತೆಂದು ಕೇಳಿದಳು.

"ಕೂಸು ಉಟ್ಟೋ ಮನೆ, ಅತ್ತೆ," ಎಂದಳು ದೊಡ್ಡವ್ವ. "ಇಲ್ಲಿ ಅದು ಬ್ಯಾಡ. ನಾನು ತಂದದ್ದು, ನಾನೇ ಕಿತ್ತಾಕ್ದೆ."

ಅಜ್ಜಿ ಒಳಗೆ ಹೋದಳು. ಅಂದಿನಿಂದ ಅವಳು ದೊಡ್ಡವ್ವ ಬಡಿಸಿದ್ದನ್ನು ಉಣ್ಣಲಿಲ್ಲ. ಮಾರನೆಯ ದಿನ ಅಜ್ಜಿಯ ತಂಗಿ ಊರಿಗೆ ಹೊರಟುಹೋದಳು.

ಹುಟ್ಟಿದ್ದು ಹೆಣ್ಣು. ದೊಡ್ಡವ್ವ ಬಾಣಂತಿ ಕೋಣೆಯ ಬಾಗಿಲಲ್ಲೇ ಚಾಪೆ ಹಾಸಿಕೊಂಡಳು. ಕೂಸಿಗೆ ಹಾಕುವ ಪ್ರತಿ ಹನಿಯೂ ಅವಳ ಕೈ ದಾಟಿಯೇ ಹೋಗಬೇಕಿತ್ತು. ತಿಂಗಳು ತುಂಬಿದ ಮೇಲೆ ಅಪ್ಪ ಕೂಸನ್ನು ಎತ್ತಿಕೊಂಡು ಗೌರಿ ಎಂದು ಹೆಸರಿಟ್ಟ. ಹಾಗೆ ಗೌರಿ ಉಳಿದಳು. ಆದರೆ ಊರಿನ ಹೆಂಗಸರು ದೊಡ್ಡವ್ವನನ್ನು ಸೀಮಂತಕ್ಕೆ, ನಾಮಕರಣಕ್ಕೆ ಕರೆಯುವುದನ್ನು ನಿಲ್ಲಿಸಿದರು. ಎಲ್ಲರೂ ಮುಚ್ಚಿಟ್ಟದ್ದನ್ನು ಅವಳೊಬ್ಬಳು ಹಾಡಹಗಲಲ್ಲಿ ಅಗೆದು ತೋರಿಸಿದ್ದಳು. ಮಧ್ಯಾಹ್ನ ಆ ಬೋಳು ನೆಲದ ಎದುರು ಗೌರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮತ್ತೇನನ್ನೂ ನೆಡಲಿಲ್ಲ.

ಮರುವರ್ಷ ಪಾಲಾಯಿತು. ದೊಡ್ಡಪ್ಪ ತನ್ನ ಭಾಗ ಬಿಟ್ಟುಕೊಟ್ಟು ಹೆಂಡತಿಯ ಊರಿಗೆ ಹೊರಟ. ಗಾಡಿ ತಿರುವು ದಾಟುವವರೆಗೂ ಅಜ್ಜಿ ಬಚ್ಚಲ ಹಿಂದೆ ನಿಂತಿದ್ದಳು. ಹತ್ತಿರ ಹೋದ ನನ್ನ ಕಡೆ ತಿರುಗದೆ, "ನನ್ ಕಾಲ್ದಾಗೆ ಕಿತ್ತಾಕೋರು ಯಾರೂ ಇರ್ಲಿಲ್ಲ," ಎಂದಳು. ಅಪ್ಪನಿಗೆ ಅಕ್ಕತಂಗಿಯರು ಯಾಕಿಲ್ಲವೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಮುಂದೆ ಅಜ್ಜಿ ತೀರಿಕೊಂಡಳು. ಮನೆ ಬಿತ್ತು, ಅಲ್ಲೀಗ ಟೊಮೇಟೊ ಪೆಟ್ಟಿಗೆ ಪೇರಿಸುವ ಶೆಡ್ಡು ಇದೆ.

ದೊಡ್ಡವ್ವನನ್ನು ನಾವು ಕೊನೆಯದಾಗಿ ಕಂಡದ್ದು ಕೊಳತ್ತೂರಿನಲ್ಲಿ, ದೊಡ್ಡಪ್ಪ ತೀರಿಕೊಂಡಾಗ. ಗೌರಿ ಆಗಷ್ಟೇ ಶಾಲೆಗೆ ಸೇರಿದ್ದಳು, ಮಾತೆಲ್ಲ ತಮಿಳು. ದೊಡ್ಡವ್ವ ಕೈ ಚಾಚಿದರೆ ಅಮ್ಮನ ಸೆರಗಿನ ಹಿಂದೆ ಅವಿತುಕೊಂಡಳು. ದೊಡ್ಡವ್ವ ಬಲವಂತ ಮಾಡಲಿಲ್ಲ. ಹುರಿದ ಕಡಲೆಕಾಯಿಯನ್ನು ದೂರದಲ್ಲಿಟ್ಟು, ಮಗು ತಾನಾಗಿ ಬಂದು ತಿನ್ನುವುದನ್ನು ನೋಡುತ್ತ ಕೂತಳು. ಬಸ್ಸು ಹತ್ತಿದ ಮೇಲೆ, ಕಡಲೆಕಾಯಿ ಕೊಟ್ಟವರು ಯಾರೆಂದು ಗೌರಿ ತಮಿಳಿನಲ್ಲೇ ಅಮ್ಮನನ್ನು ಕೇಳಿದಳು, "ಯಾರಮ್ಮಾ ಅವಂಗ?"

ಅಮ್ಮ ಅವಳನ್ನು ಎತ್ತಿ ಅಪ್ಪಿಕೊಂಡಳು. ಮೆಟ್ಟೂರು ದಾಟುವವರೆಗೂ ಅವಳು ಗೌರಿಯನ್ನು ತೊಡೆಯಿಂದ ಇಳಿಸಲಿಲ್ಲ.